ಅಟ್ಟದ ಮೇಲಿನ 43 ಲೋಟ

ಹೋದ ತಿಂಗಳು ದಾವಣಗೆರೆಯ ವಿನೋಬನಗರದ ಒಂದು ಮನೆಯ ಅಟ್ಟದಿಂದ 43 ಸ್ಟೀಲ್ ಲೋಟ ಇಳಿಸಿದೆ. ಎಲ್ಲದರ ಮೇಲೂ ಹೆಸರು ಕೊರೆದಿತ್ತು. ಕೊಟ್ಟವರ ಹೆಸರು, ಊರು, ಮದುವೆಯ ತಾರೀಖು. ಅದರಲ್ಲಿ 6 ಲೋಟ ನಮ್ಮ ಅಂಗಡಿಯವು. ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. ನಮ್ಮಲ್ಲಿ ಹೆಸರು ಕೊರೆಯುತ್ತಿದ್ದ ಹುಡುಗ ‘ಳ’ ಅಕ್ಷರವನ್ನು ಯಾವಾಗಲೂ ತಲೆಕೆಳಗಾದ ಹಾಗೆ ಬರೆಯುತ್ತಿದ್ದ.

ನಾನು 11 ವರ್ಷ ಚೌಕಿಪೇಟೆ ಕಡೆ ಒಂದು ಪಾತ್ರೆ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದೆ. ಮುಯ್ಯಿ ಮಾಡೋಕೆ ಅಂತ ಬಂದವರಿಗೆ "ಹೆಸರು ಹಾಕಿಸಬೇಕಾ?" ಅಂತ ಕೇಳಿ ಚೀಟಿ ಬರೆದುಕೊಡುತ್ತಿದ್ದವಳು ನಾನೇ. 2020ರ ಲಾಕ್‌ಡೌನ್ ಆದಮೇಲೆ ಅಂಗಡಿ ಮುಚ್ಚಿತು. ಆಗ ಮಾರಿದ ಪಾತ್ರೆಗಳನ್ನು ಈಗ ಕೂಲಿ ತೆಗೆದುಕೊಂಡು ಅಟ್ಟದಿಂದ ಇಳಿಸುತ್ತಿದ್ದೇನೆ. ನಮ್ಮ ಮನೆಯವರು ಇದನ್ನು ಹೇಳಿಕೊಂಡು ನಗುತ್ತಾರೆ.

ಶುರುವಾಗಿದ್ದು ನಾದಿನಿ ಮನೆ ಬದಲಾಯಿಸಿದಾಗ. ಸಾಮಾನು ಕಟ್ಟಲು ಹೋದವಳು ಅರ್ಧಕ್ಕರ್ಧ ಹೊರಗೆ ಹಾಕಿಸಿ ಬಂದೆ. ಅವರ ಪಕ್ಕದ ಮನೆಯವರು ಕರೆದರು. ಅವರ ಬೀಗರು ಕರೆದರು. ಬಾಯಿಂದ ಬಾಯಿಗೆ ಹೋಗಿ, ತುಂಬಿದ ಮನೆಗಳಿಂದ ಬೇಡದ ಸಾಮಾನು ಹೊರಗೆ ಹಾಕಿಸುವುದೇ ನನ್ನ ಕೆಲಸವಾಯಿತು. ಈಗ ತಿಂಗಳಿಗೆ ಮೂರು ನಾಲ್ಕು ಮನೆ ಮಾಡುತ್ತೇನೆ. ಜೊತೆಗೆ ಅಟ್ಟ ಹತ್ತಲು ಒಬ್ಬ ಹುಡುಗ.

ನಮ್ಮೂರಿನ ಮನೆಗಳು ತುಂಬುವುದಕ್ಕೆ ನಮ್ಮೂರಿನದೇ ಕಾರಣಗಳಿವೆ. ನೀರನ್ನೇ ತೆಗೆದುಕೊಳ್ಳಿ. ನಳದಲ್ಲಿ ನೀರು ಯಾವತ್ತು ಬರುತ್ತದೋ ಗೊತ್ತಿಲ್ಲದ ಕಾಲದಲ್ಲಿ ಬೆಳೆದವರು ನಾವು. ಬಂದ ದಿನ ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿ ಕೊನೆಗೆ ಇಡ್ಲಿ ಪಾತ್ರೆಗೂ ಹಿಡಿದಿಡುತ್ತಿದ್ದೆವು. ಈಗ ದಿನವಿಡೀ ನೀರು ಕೊಡುವ ಜಲಸಿರಿ ಯೋಜನೆಯ ನಳ ಬಂದ ಮನೆಗಳಲ್ಲೂ ಆ ಡ್ರಮ್ಮುಗಳು ಹಾಗೇ ಇವೆ. ಒಳಗೆ ನೀರಿನ ಬದಲು ಹಳೇ ಚಪ್ಪಲಿ, ಬಣ್ಣದ ಡಬ್ಬಿ. ಆಮೇಲೆ ಹಳ್ಳಿ. ಹೊಲ ಇರುವವರಿಗೆ ಭದ್ರಾ ನಾಲೆ ಕಡೆಯಿಂದ ವರ್ಷದ ಅಕ್ಕಿ ಬರುತ್ತದೆ, ಜಗಳೂರು ಕಡೆಯಿಂದ ಜೋಳ, ಈರುಳ್ಳಿ ಬರುತ್ತದೆ. ಕಾಳು ಖಾಲಿಯಾಗುತ್ತದೆ, ಚೀಲ ಉಳಿಯುತ್ತದೆ. ಒಂದು ಮನೆಯಲ್ಲಿ ಮಂಚದ ಕೆಳಗೆ ಮಡಿಚಿಟ್ಟ ಖಾಲಿ ಚೀಲಗಳನ್ನು ಎಣಿಸಿದೆ, 112 ಇದ್ದವು. ಆ ಮನೆಯವರು ಹೊಲ ಮಾರಿ ಐದು ವರ್ಷವಾಗಿತ್ತು.

ಇನ್ನು ದುಗ್ಗಮ್ಮನ ಜಾತ್ರೆ. ಇದರಲ್ಲಿ ನಾನೇ ಸೋತೆ ಅಂತ ಹೇಳಬೇಕು. ಹಳೇ ದಾವಣಗೆರೆ ಓಣಿಗಳಲ್ಲಿ ಯಾವ ಮನೆಗೆ ಹೋದರೂ 15 ಗಾದಿ, ದೊಡ್ಡ ದೊಡ್ಡ ಪಾತ್ರೆ, 60 ತಟ್ಟೆ. "ಯಾಕ್ರೀ ಇಷ್ಟೊಂದು?" ಅಂದರೆ "ಜಾತ್ರೆಗೆ ಬೇಕವ್ವಾ" ಅನ್ನುತ್ತಾರೆ. ಜಾತ್ರೆ ಎರಡು ವರ್ಷಕ್ಕೊಮ್ಮೆ. ಎರಡು ದಿನದ ನೆಂಟರಿಗೋಸ್ಕರ ಎರಡು ವರ್ಷ ಒಂದು ಕೋಣೆ ಬಿಟ್ಟುಕೊಡುವುದೇ ಅಂತ ಮೊದಮೊದಲು ವಾದ ಮಾಡುತ್ತಿದ್ದೆ. ಶಾಮಿಯಾನದವರ ಹತ್ತಿರ ಬಾಡಿಗೆಗೆ ತನ್ನಿ ಅಂತ ಹೇಳುತ್ತಿದ್ದೆ. ನನ್ನ ಮಾತು ಕೇಳಿ ಒಬ್ಬರು ಎಲ್ಲ ಕೊಟ್ಟೂಬಿಟ್ಟರು. ಜಾತ್ರೆ ಬಂತು. ಊರಿಗೆ ಊರೇ ಅವತ್ತೇ ಅಡುಗೆ ಮಾಡುವಾಗ ಬಾಡಿಗೆ ಪಾತ್ರೆ ಎಲ್ಲಿ ಸಿಗಬೇಕು? ಅವರು ನೆಂಟರ ಎದುರು ಪಟ್ಟ ಪಾಡು ಕೇಳಿದ ಮೇಲೆ ಜಾತ್ರೆ ಸಾಮಾನಿಗೆ ಕೈ ಹಾಕುವುದು ಬಿಟ್ಟೆ. ಈಗ ಒಂದೇ ಪ್ರಶ್ನೆ: ಹೋದ ಜಾತ್ರೆಗೆ ಎಷ್ಟು ಜನ ಮಲಗಿದ್ದರು? ಅಷ್ಟು ಗಾದಿ ಇರಲಿ. ಹತ್ತಿ ಗಂಟುಗಟ್ಟಿದ್ದರೆ ಹಿಂಜಿಸಿ, ಮೂರನ್ನು ಎರಡು ಮಾಡಿಸಿ.

ಅದಕ್ಕಿಂತ ದೊಡ್ಡ ತಪ್ಪು ಮೊದಲನೇ ವರ್ಷವೇ ಮಾಡಿದ್ದೆ. ಪಿ.ಜೆ. ಬಡಾವಣೆಯ ಒಂದು ಮನೆ. ಕರೆದವರು ಸೊಸೆ. ಅತ್ತೆ ಮಗಳ ಮನೆಗೆ ಹೋಗಿದ್ದರು, ಅವರು ಬರುವುದರೊಳಗೆ ಮುಗಿಸೋಣ ಅಂದರು. ನನಗೂ ಅದೇ ಸಲೀಸು ಅನ್ನಿಸಿತು. ಒಂದೊಂದೇ ಎತ್ತಿ ತೋರಿಸುವುದು, "ಇದು ಬೇಕಾ?" ಅನ್ನುವುದು, ಅವರು "ಬ್ಯಾಡ" ಅನ್ನುವುದು. ಒಂದೇ ದಿನದಲ್ಲಿ ಅಟ್ಟ ಖಾಲಿ. ಗುಜರಿಯವನ ಗಾಡಿ ತುಂಬಿತು. ಎರಡು ದಿನ ಬಿಟ್ಟು ಅತ್ತೆಯವರು ಬಂದರು. ಸೇರು ಎಲ್ಲಿ ಅಂತ ಹುಡುಕಿದರು.

ತುಕ್ಕು ಹಿಡಿದ ಕಬ್ಬಿಣದ ಸೇರು ಅದು. ಕಾಳು ಅಳೆಯುವುದು ನಿಂತು ಎಷ್ಟೋ ವರ್ಷವಾಗಿತ್ತು. ಆದರೆ ಮದುವೆಯಾಗಿ ಬಂದ ದಿನ ಹೊಸ್ತಿಲ ಮೇಲೆ ಅಕ್ಕಿ ತುಂಬಿಟ್ಟು ಅವರಿಂದ ಒದೆಸಿದ್ದು ಅದೇ ಸೇರು. ಅವರ ಅತ್ತೆ ಒದ್ದದ್ದೂ ಅದನ್ನೇ. ಈ ಸೊಸೆಗೆ ಮಾತ್ರ ಹೊಸ ಹಿತ್ತಾಳೆ ಸೇರು ತಂದಿದ್ದರಂತೆ, ಹಾಗಾಗಿ ಅವಳಿಗೆ ಗೊತ್ತೇ ಇರಲಿಲ್ಲ. ಅತ್ತೆಯವರು ಬೈಯಲಿಲ್ಲ. ಸುಮ್ನೆ ಕೂತು ಅತ್ತರು. ನಾನು ಗುಜರಿ ಅಂಗಡಿಗೆ ಓಡಿ, ಕಬ್ಬಿಣದ ರಾಶಿ ಕೆದರಿ, ಮಾರಿದ್ದಕ್ಕಿಂತ ಆರು ಪಟ್ಟು ಕೊಟ್ಟು ತಂದೆ. ಸೇರು ಸಿಕ್ಕಿತು. ಅತ್ತೆ ಸೊಸೆ ಮಾತು ಬಿಟ್ಟದ್ದು ಮಾತ್ರ ಸರಿಹೋಯಿತೋ ಇಲ್ಲವೋ ಕಾಣೆ. ಆ ಮನೆಗೆ ನನ್ನನ್ನು ಮತ್ತೆ ಕರೆಯಲಿಲ್ಲ.

ಅವತ್ತಿನಿಂದ ‘ಬೇಕಾ’ ಅಂತ ಕೇಳುವುದಿಲ್ಲ. ‘ಯಾರದು’ ಅಂತ ಕೇಳುತ್ತೇನೆ. ಕೇಳಿ ನೋಡಿ, ನಿಮಗೇ ಆಶ್ಚರ್ಯವಾಗುತ್ತದೆ. ಇಕ್ಕಟ್ಟಾಗಿದೆ ಅಂತ ಒದ್ದಾಡುವವರು ಮನೆಯಲ್ಲಿರುವ ನಾಲ್ಕು ಜನ. ಅಟ್ಟದಲ್ಲಿರುವ ಸಾಮಾನಿನಲ್ಲಿ ಹೆಚ್ಚಿನದು ಅಲ್ಲಿಲ್ಲದವರದು. ಹುಬ್ಬಳ್ಳಿಗೆ ಮದುವೆಯಾಗಿ ಹೋದ ಅಕ್ಕನ ಕಾಲೇಜು ಪುಸ್ತಕ. ಬೇರೆಯಾದ ಚಿಕ್ಕಪ್ಪನ ಪಾಲಿನ ಹಂಡೆ. ಬೆಂಗಳೂರಿನಲ್ಲಿರುವ ತಮ್ಮನ ಕೇರಂ ಬೋರ್ಡು, ಡಂಬೆಲ್ಸು. ಇವನ್ನು ಎಸೆಯುವ ಹಕ್ಕು ಮನೆಯಲ್ಲಿದ್ದವರಿಗಿಲ್ಲ, ಒಯ್ಯುವ ಮನಸ್ಸು ಹೊರಗಿದ್ದವರಿಗಿಲ್ಲ.

ಈಗ ನನ್ನ ಪದ್ಧತಿ ಹೀಗಿದೆ. ಮೊದಲ ಸಲ ಹೋದಾಗ ಒಂದು ಸಾಮಾನೂ ಮುಟ್ಟುವುದಿಲ್ಲ. ಚಹಾ ಕುಡಿದು, ಮನೆಯ ಹಿರಿಯ ಹೆಣ್ಣುಮಗಳ ಹತ್ತಿರ ಅರ್ಧ ಗಂಟೆ ಕೂರುತ್ತೇನೆ. ಅವರಿಲ್ಲದ ದಿನ ಕೆಲಸ ಇಟ್ಟುಕೊಳ್ಳುವುದೇ ಇಲ್ಲ. ಎರಡನೇ ಸಲ ಮಂಡಕ್ಕಿ ಭಟ್ಟಿಯಿಂದ ಖಾಲಿ ಚೀಲ ತೆಗೆದುಕೊಂಡು ಹೋಗುತ್ತೇನೆ. ಆಳೆತ್ತರ ಇರುತ್ತವೆ, ಹಗುರ, ಅಗ್ಗ. ಒಂದೊಂದರ ಮೇಲೆ ಒಬ್ಬೊಬ್ಬರ ಹೆಸರು ಬರೆಯುತ್ತೇನೆ. ಅಕ್ಕನ ಚೀಲ, ಚಿಕ್ಕಪ್ಪನ ಚೀಲ, ಅಜ್ಜಿಯ ಚೀಲ. ಸಾಮಾನೆಲ್ಲ ಮೊದಲು ಅವರವರ ಚೀಲಕ್ಕೆ. ಬೇಕು ಬೇಡ ಆಮೇಲೆ.

ಚೀಲ ತುಂಬಿದ ಮೇಲೆ ವಿಡಿಯೋ ಕಾಲ್. ಇದು ನನ್ನ ಕೈಲಿರುವ ದೊಡ್ಡ ಆಯುಧ. ಫೋಟೋ ಕಳಿಸಿದರೆ "ಇರ್ಲಿ ಬಿಡು, ಬಂದಾಗ ನೋಡ್ತೀನಿ" ಅನ್ನುತ್ತಾರೆ. ಎದುರಿಗೇ ಎತ್ತಿ ತೋರಿಸಿ, "ಅಕ್ಕಾ, ದೀಪಾವಳಿಗೆ ಬರ್ತೀರಲ್ವಾ, ಅವತ್ತು ಈ ಚೀಲ ನಿಮ್ಮ ಕಾರಿಗೇ ಇಡ್ತೀವಿ" ಅಂದರೆ ಅರ್ಧ ಜನ ಅಲ್ಲೇ "ಅಯ್ಯೋ ಬ್ಯಾಡ, ಯಾರಿಗಾದ್ರೂ ಕೊಡ್ರಿ" ಅಂತಾರೆ. ಬಾಯಿಬಿಟ್ಟು ಅವರೇ ಅಂದರೆ ಸಾಕು. ಮನೆಯವರ ತಲೆ ಮೇಲಿನ ಭಾರ ಇಳಿಯುತ್ತದೆ.

ಶುರು ಮಾಡುವುದು ಎಲ್ಲಿಂದ ಅಂತ ಬಹಳ ಜನ ಕೇಳುತ್ತಾರೆ. ಯಾರಿಗೂ ಪ್ರೀತಿ ಇಲ್ಲದ ಜಾಗದಿಂದ. ಔಷಧಿ ಡಬ್ಬಿ, ಮುಚ್ಚಳ ಕಳೆದುಹೋದ ಪ್ಲಾಸ್ಟಿಕ್ ಡಬ್ಬಿ, ಹೋಟೆಲ್ ಪಾರ್ಸೆಲ್ಲಿನ ಡಬ್ಬಿ, ಯಾವುದಕ್ಕೂ ಹೊಂದದ ಚಾರ್ಜರು. ಒಂದು ಗಂಟೆಯಲ್ಲಿ ಎರಡು ಚೀಲ ಹೊರಬೀಳುತ್ತದೆ, ಮನೆಯವರಿಗೂ ಕೈ ಪಳಗುತ್ತದೆ. ದೇವರ ಮನೆಗೆ ನಾನು ಹೋಗುವುದಿಲ್ಲ. ಒಡೆದ ಗಾಜಿನ ದೇವರ ಫೋಟೋಗಳನ್ನು ಜನ ಅರಳಿ ಕಟ್ಟೆಗೆ ಇಟ್ಟು ಕೈಮುಗಿದು ಬರುತ್ತಾರೆ. ಅಲ್ಲಿ ಅವು ಮಳೆಗೆ ನೆನೆದು ಬೀಳುವುದು ನೋಡಿದರೆ ನನಗಂತೂ ಸಂಕಟ. ಗಾಜು, ಕಟ್ಟು ಬಿಡಿಸಿ, ಕಾಗದವನ್ನು ಹಿತ್ತಲಿನಲ್ಲಿ ತುಳಸಿ ಗಿಡದ ಹತ್ತಿರ ಮಣ್ಣು ಮಾಡಿ ಅಂತ ಮಾತ್ರ ಹೇಳುತ್ತೇನೆ.

ಸೀರೆಗಳ ವಿಷಯ ಬರೆದರೆ ಮುಗಿಯುವುದಿಲ್ಲ. ಉಡಿ ತುಂಬಿದಾಗ ಬಂದ ಕುಬಸದ ಕಣಗಳಂತೂ ಇಡೀ ಊರನ್ನು ಸುತ್ತುತ್ತಿರುತ್ತವೆ, ಹೊಲಿಸುವವರು ಯಾರೂ ಇಲ್ಲ. ಹಳೇ ನೂಲಿನ ಸೀರೆಗಳಿಗೆ ಕೌದಿ ಹೊಲಿಯುವ ಅಜ್ಜಿಯರು ಇನ್ನೂ ಇದ್ದಾರೆ, ಅವರಿಗೆ ಕೊಟ್ಟು ಹೊಲಿಗೆ ಕೂಲಿ ಕೊಡಿ. ಒಂದೇ ಒಂದು ಎಚ್ಚರಿಕೆ. ಹಳೇ ಬಟ್ಟೆಗೆ ಪಾತ್ರೆ ಕೊಡುವವರು ಓಣಿಯಲ್ಲಿ ಬಂದರೆ ಬಾಗಿಲು ಹಾಕಿಕೊಳ್ಳಿ. 20 ಸೀರೆ ಹೊರಗೆ ಹೋಗಿ ಮೂರು ಪ್ಲಾಸ್ಟಿಕ್ ಟಬ್ಬು ಒಳಗೆ ಬಂದಿರುತ್ತದೆ. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಇದು ನಾನು ಕೆಲಸ ಮಾಡುತ್ತಿದ್ದ ಮನೆಯಲ್ಲೇ ನಡೆದಿದೆ.

ಕಾಗದ ಪತ್ರಕ್ಕೆ ಬೇರೆಯೇ ದಿನ ಇಡುತ್ತೇನೆ, ಅವತ್ತು ಮನೆಯವರೆಲ್ಲ ಕೂರಲೇಬೇಕು. ಕ್ರಯಪತ್ರ, ವಿಭಾಗ ಪತ್ರ, ಕಂದಾಯದ ರಸೀದಿ, ಎಲ್‌ಐಸಿ ಬಾಂಡು, ಅಂಕಪಟ್ಟಿ, ಗ್ಯಾಸ್ ಡಿಪಾಜಿಟ್ ಚೀಟಿ, ಇಷ್ಟು ಒಂದು ಫೈಲಿಗೆ. ಇದರಲ್ಲಿ ನಮ್ಮ ಜಿಲ್ಲೆಯದೇ ಒಂದು ತಮಾಷೆ ಇದೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕಿಂತ ಹಳೇ ಪತ್ರಗಳಲ್ಲಿ ‘ದಾವಣಗೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ’ ಅಂತಲೇ ಇರುತ್ತದೆ. ಈಗಿನ ಹುಡುಗರು "ಇದು ದುರ್ಗದ್ದು, ನಮ್ಮದಲ್ಲ" ಅಂತ ರದ್ದಿಗೆ ಹಾಕಿದ್ದನ್ನು ನಾನು ಎರಡು ಸಲ ಎತ್ತಿಕೊಟ್ಟಿದ್ದೇನೆ. ಹರಪನಹಳ್ಳಿ ಕಡೆ ಹೊಲ ಇರುವವರು ಇನ್ನೂ ಹುಷಾರಾಗಿರಬೇಕು. ಅವರ ಪತ್ರಗಳಲ್ಲಿ ಬಳ್ಳಾರಿ, ದಾವಣಗೆರೆ, ಈಗ ವಿಜಯನಗರ, ಮೂರೂ ಜಿಲ್ಲೆಯ ಹೆಸರು ಇರಬಹುದು. ಪಹಣಿ ಈಗ ಕಂಪ್ಯೂಟರಿನಲ್ಲಿ ಸಿಗುತ್ತದೆ ಅಂತ ಕೈಬರಹದ ಹಳೇ ಪಹಣಿ ಎಸೆಯಬೇಡಿ. ಹಿಂದೆ ಯಾರ ಹೆಸರಲ್ಲಿತ್ತು ಅನ್ನುವ ತಕರಾರು ಬಂದಾಗ ಅದೇ ಬೇಕಾಗುತ್ತದೆ.

ದುಡ್ಡೂ ಸಿಗುತ್ತದೆ. ಡಬ್ಬಿಯಲ್ಲಿ, ದಿಂಬಿನೊಳಗೆ, ಸೀರೆ ಮಡಿಕೆಯಲ್ಲಿ. ನಿಟ್ಟುವಳ್ಳಿಯ ಒಂದು ಮನೆಯಲ್ಲಿ ಸಾಸಿವೆ ಡಬ್ಬಿಯಿಂದ ಹಳೇ 500ರ ಎಂಟು ನೋಟು ಬಂದವು, 2016ರ ನವೆಂಬರ್ 8ರ ರಾತ್ರಿ ರದ್ದಾದವು. ಅಜ್ಜಿ ತನ್ನ ಮಣ್ಣಿನ ಖರ್ಚಿಗೆ ಅಂತ ಕೂಡಿಟ್ಟಿದ್ದಂತೆ. ನಡೆಯುವುದಿಲ್ಲ ಅಂದರೆ ನಂಬಲಿಲ್ಲ. ಮಗ ಹೆದರಿ ಸುಡೋಣ ಅಂದ. 2017ರ ಕಾನೂನಿನ ಪ್ರಕಾರ ಅಂಥ ನೋಟು ಹತ್ತಕ್ಕಿಂತ ಜಾಸ್ತಿ ಇಟ್ಟುಕೊಂಡರೆ ದಂಡ, 10,000 ರೂಪಾಯಿ ಅಥವಾ ನೋಟಿನ ಮುಖಬೆಲೆಯ ಐದು ಪಟ್ಟು, ಯಾವುದು ಜಾಸ್ತಿಯೋ ಅಲ್ಲಿಯವರೆಗೆ. ಎಂಟೇ ತಾನೆ, ಇರಲಿ ಬಿಡಿ ಅಂದೆ. ಅಜ್ಜಿ ಎಣಿಸಿ ಮತ್ತೆ ಸಾಸಿವೆಯೊಳಗೇ ಇಟ್ಟರು. 2000ದ ನೋಟು ಸಿಕ್ಕರೆ ಮಾತ್ರ ಗಾಬರಿ ಬೇಡ. 2023ರ ಮೇ ತಿಂಗಳಲ್ಲಿ ವಾಪಸ್ ತೆಗೆದುಕೊಂಡರೇ ಹೊರತು ರದ್ದು ಮಾಡಲಿಲ್ಲ. ಪೋಸ್ಟ್ ಆಫೀಸಿನಿಂದ ರಿಸರ್ವ್ ಬ್ಯಾಂಕಿಗೆ ಕಳಿಸಿದರೆ ಖಾತೆಗೆ ಜಮಾ ಆಗುತ್ತದೆ.

ಕೂಲಿ ಬಗ್ಗೆ ಎರಡು ಮಾತು. ದಿನಕ್ಕಿಷ್ಟು ಅಂತ ಮೊದಲೇ ಮಾತಾಡುತ್ತೇನೆ. ಗುಜರಿ ದುಡ್ಡಿನಲ್ಲಿ ಪಾಲು ಕೇಳುವುದಿಲ್ಲ. ಆ ದುಡ್ಡನ್ನು ಗುಜರಿಯವನ ಕೈಯಿಂದ ನೇರವಾಗಿ ಮನೆಯ ಹಿರಿಯಳ ಕೈಗೇ ಕೊಡಿಸುತ್ತೇನೆ. ಮೊದಲ ದಿನ "ಏನೂ ಕೊಡಬ್ಯಾಡ್ರಿ" ಅಂತ ಅಡ್ಡ ಬಂದ ಅಜ್ಜಿ, ಸೆರಗಿನ ತುದಿಗೆ 1,800 ರೂಪಾಯಿ ಕಟ್ಟಿಕೊಂಡ ಮೇಲೆ ಎರಡನೇ ದಿನ ತಾವೇ ಟ್ರಂಕು ಎಳೆದು ತಂದದ್ದುಂಟು. ಇನ್ನೊಂದು, ಯಾವ ಮನೆಯಿಂದಲೂ ಒಂದು ಚಮಚವನ್ನೂ ನಮ್ಮ ಮನೆಗೆ ತರುವುದಿಲ್ಲ. ಪ್ರೀತಿಯಿಂದ ಕೊಟ್ಟರೂ ಇಲ್ಲ. ಇದು ಸಣ್ಣ ಊರು, ನಾಳೆ ಮಾತು ಬರುತ್ತದೆ.

ವಿನೋಬನಗರದ 43 ಲೋಟಕ್ಕೆ ಬರುತ್ತೇನೆ. ಪ್ರತಿ ಲೋಟದ ಹೆಸರು ಓದುತ್ತಾ ಹೋದೆ. ಯಜಮಾನರು ಒಬ್ಬೊಬ್ಬರ ಕಥೆ ಹೇಳುತ್ತಾ ಹೋದರು. ಇವರು ತೀರಿಹೋದರು, ಇವರ ಮಗನ ಮದುವೆಗೆ ನಾವು ಇನ್ನೂ ಮುಯ್ಯಿ ತೀರಿಸಿಲ್ಲ, ಇವರು ಯಾರೋ ನೆನಪಿಲ್ಲ. ಕೊನೆಗೆ ಐದು ಉಳಿಸಿಕೊಂಡರು. ಮಿಕ್ಕವು ತೂಕಕ್ಕೆ ಹೋಗಿ ಒಂದು ಕುಕ್ಕರಾಯಿತು. ‘ಳ’ ತಲೆಕೆಳಗಾದ ಒಂದು ಲೋಟವೂ ಉಳಿದ ಐದರಲ್ಲಿದೆ.

ಅದೇ ಮನೆಯ ಪಡಸಾಲೆಯಲ್ಲಿ ಒಂದು ತೇಗದ ಮಂಚ ಇದೆ. ಬೆಂಗಳೂರಿನ ತಮ್ಮನ ಪಾಲಿನದು. ಓಡಾಡುವವರ ಮೊಣಕಾಲಿಗೆಲ್ಲ ಬಡಿಯುತ್ತದೆ. ವಿಡಿಯೋ ಕಾಲ್ ಮಾಡಿದೆವು. "ಯಾರೂ ಮುಟ್ಟಬೇಡ್ರಿ, ಯುಗಾದಿಗೆ ಬಂದು ತಗೊಂಡು ಹೋಗ್ತೀನಿ" ಅಂದರು. "ಯಾವ ಯುಗಾದಿ ಅಂತ ಕೇಳ್ರಿ ಅಕ್ಕಾ" ಅಂತ ಒಳಗಿನಿಂದ ಸೊಸೆ ಕೂಗಿದಳು. ಮೊನ್ನೆ ಆ ಕಡೆ ಹೋದಾಗ ಇಣುಕಿದೆ. ಮಂಚದ ಮೇಲೆ ಹಳೇ ಪಂಚೆ ಹಾಸಿ ಶಾವಿಗೆ ಒಣಗಿಸಿದ್ದರು.