ಮತ್ತೆ ಕಾಲೇಜಿಗೆ, ಈ ಸಲ ಬಯಾಲಜಿಗೆ

ಅಮೆರಿಕದ ಕ್ಯುಪರ್ಟಿನೊ, ಸನ್ನಿವೇಲ್, ಫ್ರೀಮಾಂಟ್ ಕಡೆಯ ಕನ್ನಡದ ಮನೆಗಳಲ್ಲಿ ಈ ಮಾತು ಆಗಾಗ ಬರುತ್ತದೆ: ‘ಸುಮ್ನೆ ಕೂತು ಬೇಜಾರು, ಏನಾದರೂ ಓದೋಣ ಅಂತಿದ್ದೀನಿ.’ ಬಿ.ಕಾಂ ಮಾಡಿದವರಿಗೆ ನರ್ಸಿಂಗ್ ಕಡೆ ಮನಸ್ಸು ಹೋಗಿರುತ್ತದೆ. ಕಂಪ್ಯೂಟರ್ ಕೆಲಸ ಬಿಟ್ಟು ಬಂದವರಿಗೆ ಲ್ಯಾಬ್ ಕೆಲಸ ಕಲಿಯುವ ಆಸೆ. ಹೈಸ್ಕೂಲು ಮುಗಿಸಿದ ಮಕ್ಕಳಿಗೆ ಎರಡು ವರ್ಷ ಕಡಿಮೆ ಖರ್ಚಿನಲ್ಲಿ ಓದಿ ಆಮೇಲೆ ದೊಡ್ಡ ಯೂನಿವರ್ಸಿಟಿಗೆ ಹೋಗುವ ಲೆಕ್ಕಾಚಾರ. ಮೂವರಿಗೂ ಮೊದಲು ಎದುರಾಗುವುದು ಕಮ್ಯೂನಿಟಿ ಕಾಲೇಜು, ಅಲ್ಲಿ ಮೊದಲ ಬಯಾಲಜಿ ಕೋರ್ಸ್.

ಕಮ್ಯೂನಿಟಿ ಕಾಲೇಜು ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು. ಈಗಲೂ ನಡೆಯುತ್ತಿರುವವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಇಲಿನಾಯ್‌ನ ಜೊಲಿಯೆಟ್‌ನಲ್ಲಿ 1901ರಲ್ಲಿ ಶುರುವಾದದ್ದು. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥವು 116 ಇವೆ. ಸೇರಲು ಸಿಇಟಿ, ನೀಟ್ ಥರದ ಪರೀಕ್ಷೆ ಇಲ್ಲ. ವಯಸ್ಸಿನ ಮಿತಿಯೂ ಇಲ್ಲ. ನಿಮ್ಮ ಪಕ್ಕದ ಬೆಂಚಿನಲ್ಲಿ 18ರ ಹುಡುಗ ಕೂತಿರಬಹುದು, ಎರಡು ಮಕ್ಕಳ ತಾಯಿಯೂ ಕೂತಿರಬಹುದು. ಸೇರುವುದು ಸುಲಭ, ಪಾಸಾಗುವುದು ಅಷ್ಟು ಸುಲಭವಲ್ಲ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಲ್ಲಿ ಹೇಳುವುದು ಕ್ಯಾಲಿಫೋರ್ನಿಯಾದ ಲೆಕ್ಕ, ಉದಾಹರಣೆಗೆ ಕ್ಯುಪರ್ಟಿನೊದ ಡಿ ಆಂಜಾ ಕಾಲೇಜು.

ಹೆಜ್ಜೆ 1: ವೀಸಾ, ಫೀಸು ನೋಡಿಕೊಳ್ಳಿ

ಎಚ್‌-4 ವೀಸಾದಲ್ಲಿ (ಕೆಲಸದ ವೀಸಾದಲ್ಲಿ ಬಂದವರ ಗಂಡ ಅಥವಾ ಹೆಂಡತಿ, ಮಕ್ಕಳಿಗೆ ಸಿಗುವುದು) ಇರುವವರು ವೀಸಾ ಬದಲಿಸದೆ ಓದಬಹುದು. ಒಂದೇ ಕೋರ್ಸ್ ತೆಗೆದುಕೊಂಡರೂ ನಡೆಯುತ್ತದೆ. ಎಫ್‌-1 ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಮಾತ್ರ ಒಂದು ಟರ್ಮ್‌ಗೆ ಸಾಮಾನ್ಯವಾಗಿ 12 ಯೂನಿಟ್ (ಕೋರ್ಸಿನ ಭಾರ ಅಳೆಯುವ ಲೆಕ್ಕ) ಓದಲೇಬೇಕು. ಮಗಳ ಮನೆಗೆಂದು ಟೂರಿಸ್ಟ್ ವೀಸಾದಲ್ಲಿ ಬಂದವರು ಡಿಗ್ರಿಯ ಕೋರ್ಸಿಗೆ ಸೇರುವ ಹಾಗಿಲ್ಲ.

ಫೀಸಿನಲ್ಲಿ ಎರಡು ದರ. ಕ್ಯಾಲಿಫೋರ್ನಿಯಾದ ನಿವಾಸಿ ಅನ್ನಿಸಿಕೊಂಡರೆ ಸೆಮಿಸ್ಟರ್ ಕಾಲೇಜಿನಲ್ಲಿ ಒಂದು ಯೂನಿಟ್‌ಗೆ 46 ಡಾಲರ್, ಡಿ ಆಂಜಾ ಥರದ ಕ್ವಾರ್ಟರ್ ಕಾಲೇಜಿನಲ್ಲಿ (ಸೆಮಿಸ್ಟರಿಗಿಂತ ಚಿಕ್ಕ ಟರ್ಮ್ ಇರುವ ಕಾಲೇಜು) 31 ಡಾಲರ್. ಇಲ್ಲದಿದ್ದರೆ ಅದರ ಹಲವು ಪಟ್ಟು. ನಿವಾಸಿ ಅನ್ನಿಸಿಕೊಳ್ಳಲು ಟರ್ಮ್ ಶುರುವಾಗುವ ಹೊತ್ತಿಗೆ ರಾಜ್ಯದಲ್ಲಿ ಒಂದು ವರ್ಷ ಒಂದು ದಿನ ಕಳೆದಿರಬೇಕು, ಇಲ್ಲೇ ನೆಲೆಸುವ ಉದ್ದೇಶಕ್ಕೆ ಕಾಗದ ತೋರಿಸಬೇಕು. ಎಚ್‌-4ನವರಿಗೂ ಈ ದಾರಿ ತೆರೆದಿದೆ. ಆದರೆ ಮನೆಯ ಲೀಸ್, ಬ್ಯಾಂಕ್ ಖಾತೆ, ಟ್ಯಾಕ್ಸ್ ಎಲ್ಲಾ ಗಂಡನ ಹೆಸರಿನಲ್ಲೇ ಇದ್ದರೆ ಕಿರಿಕಿರಿ ಆಗುತ್ತದೆ. ಓದುವ ಯೋಚನೆ ಇದ್ದರೆ ಬಂದ ಹೊಸದರಲ್ಲೇ ನಿಮ್ಮ ಹೆಸರನ್ನೂ ಸೇರಿಸಿಡಿ. ಡ್ರೈವಿಂಗ್ ಲೈಸೆನ್ಸ್ ಬೇಗ ಮಾಡಿಸಿ. ಇನ್ನೊಂದು ವಿಷಯ, ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಎಚ್‌-4ನವರಿಗೆ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಅರ್ಜಿ ಹಾಕಬಹುದು.

ಹೆಜ್ಜೆ 2: ಯಾವ ಬಯಾಲಜಿ?

ಜಾಸ್ತಿ ಜನ ಎಡವುವುದು ಇಲ್ಲೇ. ಕಾಲೇಜಿನ ಪಟ್ಟಿಯಲ್ಲಿ ‘ಬಯಾಲಜಿ’ ಅಂತ ಹತ್ತಾರು ಕೋರ್ಸ್ ಇರುತ್ತವೆ. ಹೆಸರು ನೋಡಿ ಸುಲಭದ್ದನ್ನು ಆರಿಸಿದರೆ ಆಮೇಲೆ ಅದು ಲೆಕ್ಕಕ್ಕೇ ಬರದೆ ಹೋಗಬಹುದು.

ಮುಖ್ಯವಾಗಿ ಮೂರು ದಾರಿ. ಒಂದು, ಬೇರೆ ವಿಷಯ ಓದುವವರು ವಿಜ್ಞಾನದ ಒಂದು ಕೋರ್ಸ್ ಮುಗಿಸಲಿ ಅಂತ ಇರುವ ಸಾಮಾನ್ಯ ಬಯಾಲಜಿ. ಡಿ ಆಂಜಾದಲ್ಲಿ ಇದು ಬಯಾಲಜಿ 10. ಇನ್ನೊಂದು, ಬಯಾಲಜಿಯನ್ನೇ ಮುಖ್ಯವಾಗಿ ಓದುವವರ ಸರಣಿ: 6ಎ, 6ಬಿ, 6ಸಿ. ಮೂರು ಕ್ವಾರ್ಟರ್ ಹಿಡಿಯುತ್ತದೆ. ಡಾಕ್ಟರ್, ಫಾರ್ಮಸಿ, ಬಯೋಟೆಕ್ ಕಡೆ ಹೋಗುವವರಿಗೆ ಇದೇ. ಕೊನೆಯದು ನರ್ಸಿಂಗ್ ಮತ್ತು ಅದರ ಅಕ್ಕಪಕ್ಕದ ಕೆಲಸಗಳಿಗೆ ಬೇಕಾದ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ. ಇವುಗಳನ್ನು ನೇರವಾಗಿ ತೆಗೆದುಕೊಳ್ಳಬಹುದೋ, ಮೊದಲು ಒಂದು ಬಯಾಲಜಿಯೋ ಕೆಮಿಸ್ಟ್ರಿಯೋ ಮುಗಿಸಬೇಕೋ ಅನ್ನುವುದು ಕಾಲೇಜಿನ ಮೇಲೆ ಹೋಗುತ್ತದೆ. ಕ್ಯಾಲಿಫೋರ್ನಿಯಾ ಈಗ ಎಲ್ಲ ಕಮ್ಯೂನಿಟಿ ಕಾಲೇಜುಗಳಿಗೂ ಒಂದೇ ಥರದ ಕೋರ್ಸ್ ನಂಬರ್ ತರುತ್ತಿರುವುದರಿಂದ ಈ ನಂಬರುಗಳು ಬದಲಾದರೆ ಗಾಬರಿ ಬೇಡ.

ಹಾಗಾಗಿ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ. ಕೊನೆಗೆ ಯಾವ ಯೂನಿವರ್ಸಿಟಿ, ಯಾವ ಡಿಗ್ರಿ ಅಂತ ಮೊದಲು ಬರೆದಿಟ್ಟುಕೊಳ್ಳಿ. ಆಮೇಲೆ ಅಸಿಸ್ಟ್ ಡಾಟ್ ಆರ್ಗ್ ಅನ್ನುವ ಜಾಲತಾಣಕ್ಕೆ ಹೋಗಿ. ನಿಮ್ಮ ಕಾಲೇಜಿನ ಯಾವ ಕೋರ್ಸಿಗೆ ಕ್ಯಾಲಿಫೋರ್ನಿಯಾದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಯಾವ ಕೋರ್ಸ್ ಸಮ ಅಂತ ಅಲ್ಲಿ ಪಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಸರಣಿಯ ಕೋರ್ಸುಗಳನ್ನು ಎರಡು ಕಾಲೇಜಿಗೆ ಹಂಚಬೇಡಿ. 6ಎ ಇಲ್ಲಿ, 6ಬಿ ಅಲ್ಲಿ ಅಂತ ಮಾಡಿದರೆ ಯೂನಿವರ್ಸಿಟಿ ಎರಡನ್ನೂ ಅರ್ಧಂಬರ್ಧ ಅಂತ ನೋಡುವ ಅಪಾಯ ಇದೆ.

ನರ್ಸಿಂಗ್ ಕಡೆ ಹೋಗುವವರಿಗೆ ಇನ್ನೊಂದು ಕಿವಿಮಾತು. ವಿಜ್ಞಾನದ ಕೋರ್ಸ್ ಮುಗಿಸಿ ಇಂತಿಷ್ಟು ವರ್ಷ ದಾಟಿದ್ದರೆ ಕೆಲವು ನರ್ಸಿಂಗ್ ಕಾಲೇಜುಗಳು ಒಪ್ಪುವುದಿಲ್ಲ. ಊರಲ್ಲಿ ಮಾಡಿದ ಬಿ.ಎಸ್ಸಿ ಇದೆಯಲ್ಲ ಅಂತ ನಂಬಿ ಕೂರಬೇಡಿ. ಕಾಲೇಜಿನ ಕೌನ್ಸೆಲರ್‌ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ದುಡ್ಡು ಕೇಳುವುದಿಲ್ಲ. ಅವರು ಹೇಳಿದ್ದನ್ನು ಈಮೇಲ್‌ನಲ್ಲೂ ಬರೆಸಿಕೊಳ್ಳಿ.

ಹೆಜ್ಜೆ 3: ಸೀಟು ಹಿಡಿಯುವುದು

ಅರ್ಜಿ ಆನ್‌ಲೈನ್, ಪುಕ್ಕಟೆ. ಕಷ್ಟ ಇರುವುದು ಲ್ಯಾಬ್ ಸೀಟಿನಲ್ಲಿ. ಲೆಕ್ಚರಿಗೆ ಇನ್ನೊಂದು ಕುರ್ಚಿ ಹಾಕಬಹುದು, ಲ್ಯಾಬ್‌ನಲ್ಲಿ ಮೈಕ್ರೋಸ್ಕೋಪ್ ಇದ್ದಷ್ಟೇ ಜನ. ಹೊಸಬರಿಗೆ ನೋಂದಣಿ ದಿನಾಂಕ ಕೊನೆಯಲ್ಲಿ ಬರುತ್ತದೆ, ಅಷ್ಟರಲ್ಲಿ ಸೆಕ್ಷನ್ ತುಂಬಿರುತ್ತದೆ. ವೇಯ್ಟ್‌ಲಿಸ್ಟ್‌ನಲ್ಲಿ ಹೆಸರು ಹಾಕಿ, ಮೊದಲ ದಿನ ಕ್ಲಾಸಿಗೆ ಹೋಗಿ ಕೂರಿ. ಬರದೆ ಇದ್ದವರನ್ನು ಮೇಷ್ಟ್ರು ತೆಗೆದುಹಾಕಿ ಕಾದು ಕೂತವರಿಗೆ ಕ್ಲಾಸಿಗೆ ಸೇರಿಕೊಳ್ಳುವ ಕೋಡ್ ಕೊಡುವುದು ಮಾಮೂಲು.

ಟೈಮ್ ಲೆಕ್ಕವನ್ನೂ ಹಾಕಿ. ಒಂದು ಯೂನಿಟ್ ಅಂದರೆ ಕ್ಲಾಸು, ಲ್ಯಾಬು, ಮನೆ ಓದು ಸೇರಿ ವಾರಕ್ಕೆ ಸುಮಾರು 3 ಗಂಟೆ. 6 ಯೂನಿಟ್‌ನ ಕೋರ್ಸಿಗೆ 18 ಗಂಟೆ. ಚಿಕ್ಕ ಮಗು ಇದ್ದರೆ ಜೊತೆಗೆ ಕೆಮಿಸ್ಟ್ರಿಯನ್ನೂ ಎಳೆದುಕೊಳ್ಳಬೇಡಿ. ಬೇಸಿಗೆಯ ಶಾರ್ಟ್ ಟರ್ಮ್‌ನಲ್ಲಿ ಮೊದಲ ಬಯಾಲಜಿ ಮುಗಿಸುವ ಉಪಾಯ ನನಗಂತೂ ಸರಿ ಕಾಣುವುದಿಲ್ಲ.

ಹೆಜ್ಜೆ 4: ಸಿಲಬಸ್ ಓದಿ, ಪೂರ್ತಿ ಓದಿ

ಇಲ್ಲಿ ಸಿಲಬಸ್ ಅಂದರೆ ಪಾಠಗಳ ಪಟ್ಟಿ ಅಷ್ಟೇ ಅಲ್ಲ. ಯಾವ ಪರೀಕ್ಷೆಗೆ ಎಷ್ಟು ಅಂಕ, ಎಷ್ಟು ಲ್ಯಾಬ್ ತಪ್ಪಿದರೆ ಫೇಲು, ತಡವಾದ ಕೆಲಸಕ್ಕೆ ಎಷ್ಟು ಕಡಿತ, ಎಲ್ಲಾ ಅದರಲ್ಲೇ ಇರುತ್ತದೆ. ವರ್ಷದ ಕೊನೆಯ ಒಂದು ಪರೀಕ್ಷೆಯ ಮೇಲೆ ಎಲ್ಲಾ ನಿಂತಿರುವುದಿಲ್ಲ. ವಾರವಾರದ ಕ್ವಿಜ್, ಲ್ಯಾಬ್ ವರದಿ, ಎರಡೋ ಮೂರೋ ಮಿಡ್‌ಟರ್ಮ್, ಫೈನಲ್ ಸೇರಿ ಗ್ರೇಡ್ ಆಗುತ್ತದೆ.

ಕೋರ್ಸ್ ಬಿಡಲು ಇರುವ ಎರಡು ಕೊನೆ ದಿನಾಂಕಗಳನ್ನು ಫ್ರಿಜ್ ಮೇಲೆ ಅಂಟಿಸಿ. ಮೊದಲನೆಯದರೊಳಗೆ ಬಿಟ್ಟರೆ ದಾಖಲೆಯಲ್ಲೇ ಇರುವುದಿಲ್ಲ. ಎರಡನೆಯದರೊಳಗೆ ಬಿಟ್ಟರೆ ‘ಡಬ್ಲ್ಯೂ’ (ನಡುವೆ ಬಿಟ್ಟರು) ಅಂತ ಬೀಳುತ್ತದೆ. ಅದೂ ದಾಟಿದರೆ ಬಂದ ಗ್ರೇಡೇ ಗತಿ. ಒಂದು ಡಬ್ಲ್ಯೂನಿಂದ ಆಕಾಶ ಕಳಚಿ ಬೀಳುವುದಿಲ್ಲ. ಒಂದು ಎಫ್, ಅಂದರೆ ಫೇಲು, ಮಾತ್ರ ಬಹಳ ದಿನ ಬೆನ್ನು ಬಿಡುವುದಿಲ್ಲ.

ಪುಸ್ತಕಕ್ಕೆ ದುಡ್ಡು ಸುರಿಯುವ ಮುಂಚೆ ಮೇಷ್ಟ್ರನ್ನು ಕೇಳಿ. ಟೆಕ್ಸಸ್‌ನ ರೈಸ್ ಯೂನಿವರ್ಸಿಟಿಯ ಓಪನ್‌ಸ್ಟ್ಯಾಕ್ಸ್ ಬಯಾಲಜಿ ಪಠ್ಯವನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಕೊಡುತ್ತದೆ. ಎಷ್ಟೋ ಕ್ಲಾಸುಗಳಿಗೆ ಅದೇ ಪಠ್ಯ.

ಹೆಜ್ಜೆ 5: ಬಾಯಿಪಾಠ ಬಿಟ್ಟು ಓದುವುದು

ಪಿಯುನಲ್ಲಿ ಬಯಾಲಜಿ ಓದಿದವರಿಗೆ ಒಂದು ಅನುಕೂಲ ಇದೆ. ಪಾಠದ ವಿಷಯ ಅರ್ಧಕ್ಕಿಂತ ಹೆಚ್ಚು ಗೊತ್ತಿರುತ್ತದೆ. ಅನನುಕೂಲವೂ ಅದೇ. ‘ಇದು ನನಗೆ ಗೊತ್ತು’ ಅಂತ ಮೊದಲ ಮೂರು ವಾರ ಕಳೆದುಬಿಡುತ್ತದೆ, ಆಮೇಲೆ ಮಿಡ್‌ಟರ್ಮ್ ಪೇಪರ್ ಕೈಗೆ ಬರುತ್ತದೆ.

ಒಂದು ಉದಾಹರಣೆ. ಆಲ್ಫ್ರೆಡ್ ಹರ್ಷೆ, ಮಾರ್ಥಾ ಚೇಸ್ 1952ರಲ್ಲಿ ಮಾಡಿದ ಪ್ರಯೋಗ ನಮ್ಮ ಪಿಯು ಪುಸ್ತಕದಲ್ಲೂ ಇದೆ. ಬ್ಯಾಕ್ಟೀರಿಯಾಕ್ಕೆ ಅಂಟುವ ವೈರಸ್‌ನ ಡಿಎನ್‌ಎಗೆ ವಿಕಿರಣಶೀಲ ರಂಜಕ, ಪ್ರೋಟೀನಿಗೆ ವಿಕಿರಣಶೀಲ ಗಂಧಕ ಸೇರಿಸಿ, ಬ್ಯಾಕ್ಟೀರಿಯಾದ ಒಳಗೆ ಹೋದದ್ದು ಯಾವುದು ಅಂತ ನೋಡಿದರು. ರಂಜಕ ಒಳಗೆ, ಗಂಧಕ ಹೊರಗೆ. ಆದ್ದರಿಂದ ವಂಶವಾಹಿ ವಸ್ತು ಡಿಎನ್‌ಎ. ಊರಲ್ಲಿ ಇಷ್ಟು ಬರೆದು ಚಿತ್ರ ಹಾಕಿದರೆ ಪೂರ್ತಿ ಅಂಕ. ಇಲ್ಲಿ ಪ್ರಶ್ನೆ ಹೀಗೆ ಬರಬಹುದು: ‘ಪ್ರೋಟೀನಿನಲ್ಲೂ ಡಿಎನ್‌ಎಯಷ್ಟೇ ರಂಜಕ ಇದ್ದಿದ್ದರೆ ಈ ಪ್ರಯೋಗದಿಂದ ಏನು ಹೇಳಬಹುದಿತ್ತು?’ ಉತ್ತರ ಯಾವ ಪುಟದಲ್ಲೂ ಇಲ್ಲ. ರಂಜಕವೊಂದನ್ನೇ ನೋಡಿದರೆ ಒಳಗೆ ಸಿಕ್ಕದ್ದು ಡಿಎನ್‌ಎಯದೋ ಪ್ರೋಟೀನಿನದೋ ತಿಳಿಯುತ್ತಿರಲಿಲ್ಲ ಅಂತ ನೀವೇ ಯೋಚಿಸಿ ಬರೆಯಬೇಕು.

ಇದಕ್ಕೆ ತಯಾರಿ ಹೇಗೆ? ಕ್ಲಾಸ್ ಆದ ದಿನವೇ ಪುಸ್ತಕ ಮುಚ್ಚಿ, ಬಿಳಿ ಹಾಳೆಯ ಮೇಲೆ ನೆನಪಿನಿಂದ ಚಿತ್ರ ಬರೆಯಿರಿ. ಎಲ್ಲಿ ಕೈ ನಿಂತಿತೋ ಅಲ್ಲಿಗೆ ಮಾತ್ರ ಪುಸ್ತಕ ತೆರೆಯಿರಿ. ಪೂರ್ತಿ ಪಾಠವನ್ನು ಮತ್ತೆಮತ್ತೆ ಓದಿ ಹಳದಿ ಪೆನ್ನಿನಿಂದ ಬಳಿಯುವುದು ಮನಸ್ಸಿಗೆ ಸಮಾಧಾನ, ಅಷ್ಟೇ. ರೆಕಾರ್ಡ್ ಬುಕ್‌ನಲ್ಲಿ ಪೆನ್ಸಿಲ್ ಚಿತ್ರ ಬಿಡಿಸಿ ಸೈನ್ ಹಾಕಿಸಿಕೊಂಡವರ ಕೈ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮಿಯಾಸಿಸ್ (ಅಂಡಾಣು, ವೀರ್ಯಾಣು ಆಗುವಾಗಿನ ಕೋಶ ವಿಭಜನೆ) ಪಾಠವನ್ನಂತೂ ಬರೆಯದೆ ಕಲಿಯುವುದು ಆಗದ ಮಾತು. ನಾಲ್ಕೇ ಕ್ರೋಮೋಸೋಮ್ ಇರುವ ಜೀವಕೋಶ ಬರೆಯಿರಿ. ತಾಯಿಯಿಂದ ಬಂದ ಎರಡು ಕೆಂಪು, ತಂದೆಯಿಂದ ಬಂದ ಎರಡು ನೀಲಿ. ಡಿಎನ್‌ಎ ದುಪ್ಪಟ್ಟಾದ ಮೇಲೆ ಪ್ರತಿಯೊಂದಕ್ಕೂ ಎರಡು ಎಳೆ. ಈಗ ಕ್ರೋಮೋಸೋಮ್ ಎಷ್ಟು? ಎಂಟು ಅಂತ ಬರೆದು ಅಂಕ ಕಳೆದುಕೊಳ್ಳುವವರು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಎಣಿಸಬೇಕಾದದ್ದು ಎಳೆಗಳನ್ನಲ್ಲ, ಎಳೆಗಳು ಕೂಡುವ ಜಾಗವನ್ನು, ಅಂದರೆ ಸೆಂಟ್ರೋಮಿಯರ್‌ಗಳನ್ನು. ಅವು ನಾಲ್ಕೇ. ಎಳೆಗಳು ಎಂಟು. ಮೊದಲ ವಿಭಜನೆ ಆದಾಗ ಜೋಡಿಗಳು ಬೇರೆಯಾಗಿ ಒಂದೊಂದು ಕೋಶಕ್ಕೆ ಎರಡೆರಡು ಕ್ರೋಮೋಸೋಮ್, ನಾಲ್ಕು ನಾಲ್ಕು ಎಳೆ. ಎರಡನೆಯದರಲ್ಲಿ ಎಳೆಗಳು ಬೇರೆಯಾಗುತ್ತವೆ. ಇಷ್ಟು ಕೈಗೆ ಕೂತರೆ ಮನುಷ್ಯರ 46ಕ್ಕೂ ಅದೇ ಲೆಕ್ಕ: ದುಪ್ಪಟ್ಟಾದ ಮೇಲೂ ಕ್ರೋಮೋಸೋಮ್ 46, ಎಳೆ 92.

ಹೆಜ್ಜೆ 6: ಲ್ಯಾಬ್

ಲ್ಯಾಬಿಗೆ ಚಪ್ಪಲಿ ಹಾಕಿಕೊಂಡು ಹೋದರೆ ಬಾಗಿಲಿನಿಂದಲೇ ವಾಪಸ್. ಪೂರ್ತಿ ಮುಚ್ಚಿದ ಶೂ ಬೇಕು. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ.

ಮೈಕ್ರೋಸ್ಕೋಪ್‌ಗೆ ಒಂದೇ ನಿಯಮ ಸಾಕು: ಯಾವಾಗಲೂ ಚಿಕ್ಕ ಲೆನ್ಸಿನಿಂದ ಶುರು. 4 ಪಟ್ಟು ದೊಡ್ಡದು ಮಾಡುವ ಲೆನ್ಸಿನಲ್ಲಿ ದೊಡ್ಡ ಗುಂಡಿ ತಿರುಗಿಸಿ ಸ್ಪಷ್ಟ ಮಾಡಿಕೊಂಡು, 10ಕ್ಕೆ ಹೋಗಿ, ಆಮೇಲೆ 40. ಅಲ್ಲಿಗೆ ಬಂದ ಮೇಲೆ ದೊಡ್ಡ ಗುಂಡಿ ಮುಟ್ಟಲೇಬೇಡಿ, ಲೆನ್ಸು ಗಾಜಿಗೆ ಗುದ್ದುತ್ತದೆ. ಕಣ್ಣಿನ ಲೆನ್ಸ್ 10 ಪಟ್ಟು, ಆದ್ದರಿಂದ ಈಗ ಕಾಣುವುದು 400 ಪಟ್ಟು ದೊಡ್ಡದು.

ಈರುಳ್ಳಿ ಬೇರಿನ ಸ್ಲೈಡ್ ಬಂದೇ ಬರುತ್ತದೆ. ತೀರಾ ತುದಿಯಲ್ಲಿ ಹುಡುಕಬೇಡಿ. ತುದಿಯ ಟೋಪಿಯಿಂದ ಸ್ವಲ್ಪ ಹಿಂದೆ, ಚಿಕ್ಕ ಚೌಕ ಕೋಶಗಳು ಒತ್ತಾಗಿ ಇರುವ ಕಡೆ ನೋಡಿ. ಜಾಸ್ತಿ ಕೋಶಗಳು ಸುಮ್ಮನೆ ಇರುವಂತೆ ಕಾಣುತ್ತವೆ. ಅಲ್ಲೊಂದು ಇಲ್ಲೊಂದು ಮಾತ್ರ ಕ್ರೋಮೋಸೋಮ್‌ಗಳು ನಡುವೆ ಸಾಲಾಗಿ ನಿಂತಿರುತ್ತವೆ, ಅಥವಾ ಎರಡು ಕಡೆಗೆ ಎಳೆದಿರುತ್ತವೆ. ಎಣಿಸಿ ಅಂತಾರೆ. ನೂರರಲ್ಲಿ 80 ಕೋಶ ವಿಭಜನೆಗೆ ಮುಂಚಿನ ಹಂತದಲ್ಲಿದ್ದರೆ, ಪೂರ್ತಿ ಚಕ್ರಕ್ಕೆ 24 ಗಂಟೆ ಅಂತ ಇಟ್ಟುಕೊಂಡರೆ, ಆ ಹಂತಕ್ಕೆ ಸುಮಾರು 19 ಗಂಟೆ. ನಿಂತ ಚಿತ್ರದಿಂದ ಸಮಯ ತೆಗೆಯುವ ಈ ಜಾಣತನ ಎಷ್ಟು ಚೆನ್ನಾಗಿದೆ ಅಲ್ವಾ?

ಮೈಕ್ರೋಪಿಪೆಟ್‌ (ಚೂರೇ ಚೂರು ದ್ರವ ಅಳೆದು ಹೀರುವ ಸಲಕರಣೆ) ಗುಂಡಿಗೆ ಎರಡು ತಡೆ ಇರುತ್ತವೆ. ಮೊದಲ ತಡೆಯವರೆಗೆ ಒತ್ತಿ, ತುದಿಯನ್ನು ದ್ರವಕ್ಕೆ ಇಳಿಸಿ, ನಿಧಾನವಾಗಿ ಬಿಡಿ. ಹೊರಗೆ ಹಾಕುವಾಗ ಮಾತ್ರ ಎರಡನೆಯ ತಡೆಯವರೆಗೂ ಒತ್ತಿ. ಹೀರುವಾಗಲೇ ಎರಡನೆಯದಕ್ಕೆ ಹೋದರೆ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ, ಆಮೇಲೆ ಜೆಲ್‌ನಲ್ಲಿ ಡಿಎನ್‌ಎ ಪಟ್ಟಿ ಯಾಕೆ ದಪ್ಪ ಬಂತು ಅಂತ ತಲೆ ಕೆಡಿಸಿಕೊಳ್ಳಬೇಕು.

ವರದಿ ಬರೆಯುವಾಗ ಎಚ್ಚರ. ಜೊತೆಗಾರರ ಅಂಕಿಅಂಶ ನಿಮ್ಮದೂ ಹೌದು, ಅವರ ವಾಕ್ಯ ನಿಮ್ಮದಲ್ಲ. ಊರಲ್ಲಿ ಗೆಳತಿಯ ರೆಕಾರ್ಡ್ ನೋಡಿ ಬರೆಯುವುದು ತಪ್ಪು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಇಲ್ಲಿ ಅದಕ್ಕೆ ಸೊನ್ನೆ, ಮೇಲೆ ಕಾಲೇಜಿಗೆ ದೂರು.

ಹೆಜ್ಜೆ 7: ಮೇಷ್ಟ್ರ ಹತ್ತಿರ ಹೋಗಿ

ವಾರದಲ್ಲಿ ಕೆಲವು ಗಂಟೆ ಮೇಷ್ಟ್ರು ವಿದ್ಯಾರ್ಥಿಗಳಿಗೆಂದೇ ಕೂತಿರುತ್ತಾರೆ. ನಮ್ಮವರು ಸಂಕೋಚದಿಂದ ಹೋಗುವುದೇ ಇಲ್ಲ. ‘ನನಗೆ ಏನೂ ಅರ್ಥ ಆಗಲಿಲ್ಲ’ ಅಂತ ಹೋಗಬೇಡಿ. ಬರೆದ ಚಿತ್ರ ಹಿಡಿದು ‘ಇಲ್ಲಿಯವರೆಗೆ ಬಂತು, ಇಲ್ಲಿ ನಿಂತೆ’ ಅಂತ ತೋರಿಸಿ. ಮುಂದೆ ಶಿಫಾರಸು ಪತ್ರ ಬೇಕಾದಾಗ ನಿಮ್ಮ ಮುಖ ನೆನಪಿರುವುದೂ ಇದರಿಂದಲೇ.

ಈ ವಯಸ್ಸಿನಲ್ಲಿ ಮೊದಲನೇ ವರ್ಷದ ಕ್ಲಾಸಾ ಅಂತ ಮುಜುಗರ ಇದ್ದರೆ ವೆಂಕಿ ರಾಮಕೃಷ್ಣನ್ ಅವರನ್ನು ನೆನೆಯಿರಿ. 1976ರಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಮುಗಿಸಿದ ಮೇಲೆ ಅವರು ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಬಯಾಲಜಿ ಓದಿದರು. ರೈಬೋಸೋಮ್ (ಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರ) ರಚನೆಯ ಕೆಲಸಕ್ಕೆ 2009ರಲ್ಲಿ ನೊಬೆಲ್ ಬಂತು.

ಹೆಜ್ಜೆ 8: ಗ್ರೇಡ್ ಬಂದ ಮೇಲೆ

ಯೂನಿವರ್ಸಿಟಿಗೆ ವರ್ಗವಾಗುವವರಿಗೆ ಸಾಮಾನ್ಯವಾಗಿ ಕನಿಷ್ಠ ಸಿ ಬೇಕು. ನರ್ಸಿಂಗ್‌ನಂಥ ಕಡೆ ಪೈಪೋಟಿ ಜಾಸ್ತಿ, ಅಲ್ಲಿ ಸಿ ಸಾಲದು. ಕೋರ್ಸ್ ಮುಗಿದ ದಿನವೇ ಸಿಲಬಸ್ಸನ್ನೂ ನಿಮ್ಮ ಲ್ಯಾಬ್ ವರದಿಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಟರ್ಮ್ ಮುಗಿದ ಮೇಲೆ ಕಾಲೇಜಿನ ಆನ್‌ಲೈನ್ ಕ್ಲಾಸ್ ಪುಟ ಮುಚ್ಚಿಹೋಗಬಹುದು. ಗಂಡನಿಗೆ ಆಸ್ಟಿನ್‌ನಲ್ಲೋ ಸಿಯಾಟಲ್‌ನಲ್ಲೋ ಕೆಲಸ ಸಿಕ್ಕಿ ಮನೆ ಬದಲಾದರೆ, ಅಲ್ಲಿನ ಕಾಲೇಜು ಈ ಕೋರ್ಸ್ ಒಪ್ಪುವ ಮುಂಚೆ ಕೇಳುವ ಕಾಗದಗಳಲ್ಲಿ ಆ ಸಿಲಬಸ್ಸೂ ಇರಬಹುದು.