ಎಸ್‌ಎಫ್‌ಎನ್‌ನಲ್ಲಿ ಪೋಸ್ಟರ್ ಇದ್ಯಾ? ಮಾತಾಡೋಕೆ ರೆಡಿ ಆಗಿ

ಸೊಸೈಟಿ ಫಾರ್ ನ್ಯೂರೋಸೈನ್ಸ್ (ಮೆದುಳು, ನರಗಳ ಮೇಲೆ ರಿಸರ್ಚ್ ಮಾಡೋರ ಸಂಘ), ಅಂದ್ರೆ ಎಸ್‌ಎಫ್‌ಎನ್ ವಾರ್ಷಿಕ ಮೀಟಿಂಗ್‌ಗೆ ನಿಮ್ಮ ಅಬ್‌ಸ್ಟ್ರಾಕ್ಟ್, ಅಂದ್ರೆ ರಿಸರ್ಚ್‌ನ ಸಾರಾಂಶ, ಅಕ್ಸೆಪ್ಟ್ ಆಗಿದ್ರೆ ಮೊದಲು ಕಂಗ್ರಾಟ್ಸ್. ಸ್ಯಾನ್ ಡಿಯಾಗೋನೋ ಶಿಕಾಗೋನೋ ವಾಷಿಂಗ್ಟನ್ನೋ, ಎಲ್ಲೇ ಆದ್ರೂ 20 ಸಾವಿರದಷ್ಟು ಜನ ಸೇರ್ತಾರೆ, ಹಾಲ್ ತುಂಬ ಸಾಲುಸಾಲು ಬೋರ್ಡು, ನಿಮ್ಮ ಪೋಸ್ಟರ್ ಅಲ್ಲಿ ಇರೋದು ಅರ್ಧ ದಿನ ಅಷ್ಟೇ. ಯಾರೂ ನಿಂತ್ಕೊಂಡು ಪ್ಯಾರಾಗಟ್ಟಲೆ ಓದಲ್ಲ. ಅದಕ್ಕೇ ಪೇಪರ್ ಥರ ಬರೀಬೇಡಿ, ಮಾತಾಡುವಾಗ ಬೆರಳಿಟ್ಟು ತೋರ್ಸೋಕೆ ಏನು ಬೇಕೋ ಅಷ್ಟು ಹಾಕಿ.

ಟೈಟಲ್‌ನಲ್ಲೇ ರಿಸಲ್ಟ್ ಹೇಳಿಬಿಡಿ. ‘ನೆನಪಿನಲ್ಲಿ ನಿದ್ದೆಯ ಪಾತ್ರ’ ಅಂದ್ರೆ ಯಾರಿಗೆ ಏನು ಗೊತ್ತಾಗತ್ತೆ? ‘ನಿದ್ದೆಗೆಟ್ಟ ಇಲಿ ವಸ್ತು ಇಟ್ಟ ಜಾಗ ಮರೆಯುತ್ತೆ’ ಅಂದ್ರೆ ಹೋಗ್ತಿರೋರೂ ತಿರುಗಿ ನೋಡ್ತಾರೆ. ಮೈಕ್ರೋಸ್ಕೋಪ್ ಇಮೇಜ್‌ನಲ್ಲಿ ಕೆಂಪು-ಹಸಿರು ಬೇಡ, ಮಜೆಂಟಾ-ಹಸಿರು ಹಾಕಿ, ಬಣ್ಣಗುರುಡು ಇರೋರಿಗೂ ಕಾಣತ್ತೆ. ಸ್ಕೇಲ್ ಬಾರ್ (ಅಳತೆ ತೋರ್ಸೋ ಗೆರೆ) ಮರೀಬೇಡಿ. ಗ್ರಾಫ್‌ನಲ್ಲಿ ಒಂದೊಂದು ಚುಕ್ಕಿ ಇಲಿನಾ ಸೆಲ್ಲಾ ಅಂತ ಬರೆದಿರಿ, ಈ ಪ್ರಶ್ನೆ ಬಂದೇ ಬರತ್ತೆ, ಯಾಕಂದ್ರೆ 5 ಇಲಿಯಿಂದ 100 ಸೆಲ್ ರೆಕಾರ್ಡ್ ಮಾಡಿ ಎನ್ (ಸ್ಯಾಂಪಲ್ ಎಷ್ಟು ಅನ್ನೋ ಸಂಖ್ಯೆ) ಅಂದ್ರೆ 100 ಅಂತ ಲೆಕ್ಕ ಹಾಕಿದ್ರೆ ತಪ್ಪಾಗತ್ತೆ, ಒಂದೇ ಇಲಿಯ ಸೆಲ್‌ಗಳು ಒಂದಕ್ಕೊಂದು ಸಂಬಂಧ ಇಲ್ಲದವಲ್ಲ.

ಪ್ರಿಂಟ್ ಬಟ್ಟೆ ಮೇಲೆ ಮಾಡ್ಸಿ, ಮಡಚಿ ಬ್ಯಾಗಲ್ಲಿ ಹಾಕ್ಕೊಂಡು ಹೋಗ್ಬಹುದು. ಬೋರ್ಡ್ ಸೈಜ್ ಆ ವರ್ಷದ ಸೂಚನೆ ನೋಡಿ ಫಿಕ್ಸ್ ಮಾಡಿ.

ಈಗ ಮುಖ್ಯವಾದದ್ದು. ಯಾರಾದ್ರೂ ಬಂದು ನಿಂತ ತಕ್ಷಣ ಬಾಯಿಪಾಠ ಒಪ್ಪಿಸೋಕೆ ಶುರು ಮಾಡ್ಬೇಡಿ, ‘ನೀವು ಯಾವುದರ ಮೇಲೆ ವರ್ಕ್ ಮಾಡ್ತಿದ್ದೀರಿ?’ ಅಂತ ಮೊದಲು ಕೇಳಿ. ಪ್ಯಾಚ್ ಕ್ಲ್ಯಾಂಪ್ (ಒಂದೊಂದು ಸೆಲ್‌ನ ಕರೆಂಟ್ ಅಳೆಯೋದು) ಮಾಡೋರಾದ್ರೆ ಸೀದಾ ಟ್ರೇಸ್, ಅಂದ್ರೆ ರೆಕಾರ್ಡ್ ಆದ ಗೆರೆ, ತೋರ್ಸಿ, ಇಇಜಿಯವರಾದ್ರೆ (ತಲೆ ಮೇಲಿಂದ ಮೆದುಳಿನ ಸಿಗ್ನಲ್ ಅಳೆಯೋರು) ಇಲಿ ಮಾಡೋ ಟಾಸ್ಕ್‌ನಿಂದ ಶುರು ಮಾಡಿ. ಪ್ರಶ್ನೆ ಏನು, ಏನು ಸಿಕ್ತು, ಅದ್ರಿಂದ ಏನು ಗೊತ್ತಾಯ್ತು, ಈ ಮೂರನ್ನ ಅರ್ಧ ನಿಮಿಷದಲ್ಲಿ ಹೇಳಿ ನಿಲ್ಲಿಸಿ, ಉಳಿದದ್ದನ್ನ ಅವರೇ ಕೇಳ್ತಾರೆ. ಪ್ರತಿ ಫಿಗರ್‌ಗೂ ಮೊದಲು ಆಕ್ಸಿಸ್ ಹೇಳಿ. ರಾಸ್ಟರ್ ಪ್ಲಾಟ್ (ನರಕೋಶ ಯಾವ್ಯಾವಾಗ ಸ್ಪೈಕ್, ಅಂದ್ರೆ ಎಲೆಕ್ಟ್ರಿಕ್ ಸಿಗ್ನಲ್, ಕೊಡ್ತು ಅಂತ ತೋರ್ಸೋ ಗ್ರಾಫ್) ಇದ್ರೆ ‘ಅಡ್ಡಕ್ಕೆ ಟೈಮು, ಒಂದೊಂದು ಸಾಲು ಒಂದೊಂದು ಟ್ರಯಲ್, ಒಂದೊಂದು ಚುಕ್ಕಿ ಒಂದು ಸ್ಪೈಕು, ಈಗ ಇಲ್ಲಿ ಟೋನ್ ಬಂತು ನೋಡಿ, ಚುಕ್ಕಿಗಳು ದಟ್ಟ ಆದ್ವು’. ಇಷ್ಟು ಹೇಳಿದ್ರೆ ಬೇರೆ ಫೀಲ್ಡ್‌ನವರೂ ನಿಮ್ಮ ಜೊತೆ ಬರ್ತಾರೆ.

ಮಧ್ಯದಲ್ಲಿ ಇನ್ನೊಬ್ರು ಬಂದ್ರೆ ಒಂದು ವಾಕ್ಯದಲ್ಲಿ ಎಲ್ಲಿದ್ದೀವಿ ಅಂತ ಹೇಳಿ ಸೇರಿಸ್ಕೊಳ್ಳಿ. ಇಂಗ್ಲಿಷ್ ಬಗ್ಗೆ ಟೆನ್ಷನ್ ಬೇಡ, ಅಲ್ಲಿ ಎಲ್ಲಾ ದೇಶದವ್ರೂ ಇರ್ತಾರೆ, ನಿಧಾನಕ್ಕೆ ಮಾತಾಡಿ. ಗೊತ್ತಿಲ್ಲದ್ದು ಕೇಳಿದ್ರೆ ‘ಹೋಲಿಕೆಗೆ ಬೇಕಾದ ಆ ಕಂಟ್ರೋಲ್ ಪ್ರಯೋಗ ಇನ್ನೂ ಮಾಡಿಲ್ಲ’ ಅಂತ ನೇರ ಹೇಳಿ, ಅವ್ರಾದ್ರೆ ಹೇಗೆ ಮಾಡ್ತಿದ್ರು ಅಂತ ಕೇಳಿ ಬರ್ಕೊಳ್ಳಿ. ಆ ಸಲಹೆಗೋಸ್ಕರಾನೇ ಅಷ್ಟು ದೂರ ಹೋಗೋದು. ಪಬ್ಲಿಷ್ ಆಗದ ಡೇಟಾ ಎಷ್ಟು ತೋರ್ಸ್ಬಹುದು, ಫೋಟೋ ತೆಗೆಯೋಕೆ ಬಿಡ್ಬೇಕಾ ಅನ್ನೋದನ್ನ ಮಾತ್ರ ಹೊರಡೋ ಮುಂಚೆನೇ ಗೈಡ್ ಹತ್ರ ಮಾತಾಡ್ಕೊಂಡು ಹೋಗಿ.