ಜಂಬಿಟ್ಟಿಗೆ ನೆಲದಲ್ಲಿ ಎರಡು ಬಾಟಲಿಯ ಮ್ಯಾಗ್ನೆಟೋಮೀಟರ್: ನನ್ನ ಅನುಭವ

ಶರಾವತಿ ಹಿನ್ನೀರಿನಲ್ಲಿ ಮುಳುಗಿದ್ದ ಡೀಸೆಲ್ ಪಂಪ್‌ಸೆಟ್ಟನ್ನು ಕಳೆದ ಏಪ್ರಿಲ್‌ನಲ್ಲಿ ಕೊನೆಗೂ ಮೇಲೆತ್ತಿದೆವು. ನೆರೆಯ ಅಡಿಕೆ ತೋಟದವರು ಅದನ್ನು ತೆಪ್ಪದಲ್ಲಿ ದಾಟಿಸುವಾಗ ತೆಪ್ಪ ಮಗುಚಿ ಎರಡು ವರ್ಷವಾಗಿತ್ತು. ಬಿದ್ದದ್ದು ಹಳೆಯ ಹೊಳೆಯ ಪಾತ್ರದಲ್ಲಾದ್ದರಿಂದ ಬೇಸಿಗೆಯಲ್ಲೂ ಅಲ್ಲಿ ಮೂವತ್ತೈದು ಅಡಿ ನೀರಿರುತ್ತದೆ. ತಾನೇ ಕಬ್ಬಿಣದಂಶ ತುಂಬಿಕೊಂಡ ಜಂಬಿಟ್ಟಿಗೆ ನೆಲದಲ್ಲಿ, ಕಾಂತಕ್ಷೇತ್ರವನ್ನು ಅಳೆಯುವ ಮ್ಯಾಗ್ನೆಟೋಮೀಟರಿನಿಂದ ಕಬ್ಬಿಣವನ್ನು ಹುಡುಕಲಾಗದು ಎಂದು ನಕ್ಕವರಲ್ಲಿ ಈ ಉಪಕರಣವನ್ನು ಚೆನ್ನಾಗಿ ಬಲ್ಲ ಇಬ್ಬರು ಸ್ನೇಹಿತರೂ ಇದ್ದರು. ಮುಖ್ಯವಾಗಿ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಒಂದೇ ಬಾಟಲಿಯ ಪ್ರೋಟಾನ್ ಮ್ಯಾಗ್ನೆಟೋಮೀಟರನ್ನು ದೋಣಿಯ ಹಿಂದೆ ಎಳೆದು ಸೋತೆ. ಸೀಮೆಎಣ್ಣೆ ತುಂಬಿದ ಬಾಟಲಿಗೆ ಸುತ್ತಿದ ಕಾಯಿಲ್‌ನಲ್ಲಿ ಕರೆಂಟ್ ಹರಿಸಿ ತಟ್ಟನೆ ಕಡಿದರೆ, ಎಣ್ಣೆಯಲ್ಲಿನ ಪ್ರೋಟಾನ್‌ಗಳಿಂದ ಅದೇ ಕಾಯಿಲ್‌ನಲ್ಲಿ ಕ್ಷಣಕಾಲ ಒಂದು ಸದ್ದು ಹುಟ್ಟುತ್ತದೆ; ಕಾಂತಕ್ಷೇತ್ರ ಹೆಚ್ಚಿದಷ್ಟೂ ಅದರ ಆವರ್ತನ ಹೆಚ್ಚು. ದಡದಲ್ಲಿ 1750 ಹರ್ಟ್ಸ್ ಆಸುಪಾಸಿನಲ್ಲಿ ಚೊಕ್ಕವಾಗಿ ಕೇಳುತ್ತಿದ್ದ ಸದ್ದು ದೋಣಿ ಉತ್ತರಕ್ಕೆ ತಿರುಗಿದೊಡನೆ ಅಡಗುತ್ತಿತ್ತು, ಪೂರ್ವಕ್ಕೆ ತಿರುಗಿಸಿದರೆ ಮರಳುತ್ತಿತ್ತು. ಆಂಪ್ಲಿಫೈಯರನ್ನು ಶಂಕಿಸಿ ಎರಡು ಬಾರಿ ಬದಲಿಸಿದೆ. ನಾಲ್ಕು ಸಾವಿರ ರೂಪಾಯಿ ನೀರುಪಾಲಾಯಿತು. ನಮ್ಮ ಕಡೆ ಭೂಕಾಂತಕ್ಷೇತ್ರ ಹದಿನೈದು ಡಿಗ್ರಿಯಷ್ಟು ಮಾತ್ರ ಕೆಳಕ್ಕೆ ಬಾಗಿ ಹೆಚ್ಚುಕಡಿಮೆ ಅಡ್ಡಲಾಗಿಯೇ ಉತ್ತರಕ್ಕೆ ಚಾಚಿರುವುದರಿಂದ, ಹಗ್ಗದ ಉದ್ದಕ್ಕೆ ಮಲಗಿಸಿದ ನನ್ನ ಕಾಯಿಲ್ ಉತ್ತರ-ದಕ್ಷಿಣದ ಓಟದಲ್ಲಿ ಕ್ಷೇತ್ರಕ್ಕೆ ಸಮಾನಾಂತರವಾಗುತ್ತಿತ್ತು; ಹಾಗಾದಾಗ ಸದ್ದು ಹುಟ್ಟುವುದಿಲ್ಲ. ಕಾಯಿಲನ್ನು ನೆಟ್ಟಗೆ ನಿಲ್ಲಿಸಿದ ಮೇಲೆ ಯಾವ ದಿಕ್ಕಿಗೆ ಹೋದರೂ ಸದ್ದು ತಪ್ಪಲಿಲ್ಲ.

ಆದರೂ ಪಂಪ್‌ಸೆಟ್ ಸಿಗಲಿಲ್ಲ. ನೂರೈವತ್ತು ಕಿಲೋ ಕಬ್ಬಿಣದಿಂದ ಐದು ಮೀಟರ್ ಎತ್ತರದಲ್ಲಿ ಮೂವತ್ತು ನ್ಯಾನೊಟೆಸ್ಲಾ (ಕಾಂತಕ್ಷೇತ್ರವನ್ನು ಅಳೆಯುವ ಮಾನ) ವ್ಯತ್ಯಾಸ ಬಂದರೆ ಹೆಚ್ಚು. ದಡದಲ್ಲಿ ಕದಲದೆ ಇಟ್ಟ ಬಾಟಲಿಯೇ ಬೆಳಗಿನ ಎಂಟರಿಂದ ಮಧ್ಯಾಹ್ನದೊಳಗೆ ನಲವತ್ತು-ಐವತ್ತು ಏರುತ್ತಿತ್ತು. ಅದರ ಮೇಲೆ ಜಂಬಿಟ್ಟಿಗೆಯ ಏರಿಳಿತ ಬೇರೆ. ಎರಡನೆಯ ಬಾಟಲಿಯನ್ನು ಒಂದೂವರೆ ಮೀಟರ್ ಹಿಂದೆ ಅದೇ ಪಿವಿಸಿ ಪೈಪಿಗೆ ಕಟ್ಟಿ, ಎರಡು ಕಾಯಿಲ್‌ಗಳ ಕರೆಂಟನ್ನೂ ಒಂದೇ ಕ್ಷಣದಲ್ಲಿ ಕಡಿದು ವ್ಯತ್ಯಾಸವನ್ನಷ್ಟೇ ಬರೆದುಕೊಂಡಾಗ, ಮಧ್ಯಾಹ್ನದ ಆ ಏರಿಕೆ ಒಂದೆರಡು ನ್ಯಾನೊಟೆಸ್ಲಾಗೆ ಇಳಿಯಿತು. ಜಂಬಿಟ್ಟಿಗೆಯ ಉದ್ದನೆಯ ಏರಿಳಿತಗಳೂ ಬಹುಮಟ್ಟಿಗೆ ಹೋದವು. ಬಿಡಿ ಕಲ್ಲುಗಳ ಕಿರಿಕಿರಿ ಮಾತ್ರ ಕೊನೆಯವರೆಗೂ ಉಳಿಯಿತು.

ಸ್ಟೇನ್‌ಲೆಸ್ ಕ್ಲಿಪ್‌ಗಳ ವಿಷಯದಲ್ಲಿ ಎಚ್ಚರವಿರಲಿ. ಅಂಗಡಿಯಲ್ಲಿ ಪರೀಕ್ಷಿಸಿದಾಗ ಅಯಸ್ಕಾಂತಕ್ಕೆ ಅಂಟದ ಪಟ್ಟಿಯನ್ನು ನಾನೇ ಮನೆಗೆ ತಂದು ಬಗ್ಗಿಸಿದೆ. ಬಗ್ಗಿಸಿದ ಮೂಲೆಯಲ್ಲಿ ಅದು ಅಂಟತೊಡಗಿತು. ಎರಡು ವಾರ ಆ ಮೂಲೆಯನ್ನೇ ಅಳೆದಿದ್ದೇನೆ. ಈಗ ಎಲ್ಲ ಹಿತ್ತಾಳೆ ತಿರುಪು, ಭಾರಕ್ಕೆ ಸೀಸ.

ಬಾಟಲಿಗೆ ಸೀಮೆಎಣ್ಣೆಯ ಬದಲು ಬೇರೇನಾದೀತು ಎಂಬ ಕುತೂಹಲಕ್ಕೆ ಬ್ಯಾಟರಿ ನೀರನ್ನೂ ಕೊಬ್ಬರಿ ಎಣ್ಣೆಯನ್ನೂ ತುಂಬಿ ನೋಡಿದೆ. ನೀರಿನ ಸದ್ದು ಚೆನ್ನಾಗಿದ್ದರೂ ಪ್ರತಿ ಅಳತೆಗೂ ಕರೆಂಟನ್ನು ಹೆಚ್ಚು ಹೊತ್ತು ಹರಿಸಬೇಕು. ಕೊಬ್ಬರಿ ಎಣ್ಣೆಯ ಸದ್ದು ಬೇಗ ಸೊರಗುತ್ತಿತ್ತು. ಡಿಸೆಂಬರ್‌ನ ಒಂದು ಬೆಳಗ್ಗೆ ಎಣ್ಣೆ ಹೆಪ್ಪುಗಟ್ಟಿತ್ತು, ಸದ್ದು ಪೂರ್ತಿ ನಿಂತಿತ್ತು. ಮನೆಯಲ್ಲಿ ಇದನ್ನು ಇಂದಿಗೂ ಹೇಳಿ ನಗುತ್ತಾರೆ.

ದೊಡ್ಡ ನಷ್ಟವಾದದ್ದು ಮುಳುಗಿದ ಮರದ ಬೊಡ್ಡೆಗಳಿಂದ. ಪಾತ್ರದ ಅಂಚಿನಲ್ಲಿ ತಿರುಗುವಾಗ ಕೇಬಲ್ ಸಿಕ್ಕಿ ಹರಿದು ಎರಡೂ ಬಾಟಲಿಗಳು ಹೋದವು. ಸಾಗರದ ರಿವೈಂಡಿಂಗ್ ಅಂಗಡಿಯಿಂದ ತಾಮ್ರದ ತಂತಿ ತಂದು ಮತ್ತೆ ಸುತ್ತಿದೆ. ನೀರಿಳಿದ ಮೇ ತಿಂಗಳಲ್ಲಿ ಹಳೆಯ ಜೋಡಿ ಬೊಡ್ಡೆಯೊಂದಕ್ಕೆ ನೇತಾಡುತ್ತಿತ್ತು, ಸೀಮೆಎಣ್ಣೆ ಒಂದು ಹನಿಯೂ ಸೋರಿರಲಿಲ್ಲ. ಬೆಸುಗೆಯ ಮೇಲೆ ನಾನು ಹಚ್ಚುವ ಮಿಶ್ರಣದ ಗುಟ್ಟನ್ನೂ, ಪೈಪು ಇಪ್ಪತ್ತು ಅಡಿ ಆಳದಲ್ಲೇ ಉಳಿಯುವಂತೆ ತೇಲು ಕಟ್ಟುವ ಬಗೆಯನ್ನೂ ಸದ್ಯಕ್ಕೆ ಹೇಳಲಾರೆ.

ಎಂಜಿನ್ನಿನ ಕಿಡಿಯಿಂದ ಸದ್ದು ಕೆಡುವುದರಿಂದ ಫೈಬರ್ ದೋಣಿಗೆ ಹುಟ್ಟು ಹಾಕಿದೆವು. ಮೂರು ಸೆಕೆಂಡಿಗೊಂದು ಅಳತೆ, ಸಾಲುಗಳ ನಡುವೆ ನಾಲ್ಕು ಮೀಟರ್. ಮೊದಲು ಸಿಕ್ಕಿದ್ದು ಗಾಡಿಚಕ್ರದ ಹಳಿ, ನಂತರ ಡಾಂಬರಿನ ಡ್ರಮ್ಮು. ಆರನೆಯ ದಿನ ವ್ಯತ್ಯಾಸ ಹದಿನೈದಕ್ಕೇರಿ, ಮರುಕ್ಷಣವೇ ಸೊನ್ನೆ ದಾಟಿ ಅಷ್ಟೇ ಕೆಳಗಿಳಿಯಿತು. ಅಲ್ಲಿಯೇ ಗಾಳದ ಕೊಕ್ಕೆ ಬಿಟ್ಟೆವು. ಮೂರನೆಯ ಎಸೆತಕ್ಕೆ ಕಚ್ಚಿತು.

ಒಟ್ಟು ಖರ್ಚು ನಲವತ್ತು ಸಾವಿರದ ಹತ್ತಿರ, ಅದರಲ್ಲಿ ಅರ್ಧ ನನ್ನ ತಪ್ಪುಗಳಿಗೇ ಹೋಯಿತು. ತೋಟದವರು ಎಂಟು ಸಾವಿರ ಕೊಟ್ಟರು, ಹೂಳು ತುಂಬಿದ್ದ ಪಂಪ್‌ಸೆಟ್ಟನ್ನು ಗುಜರಿಗೆ ಹಾಕಿದರು.